ಕೌಂಟರಿನಲ್ಲಿ ಹುಟ್ಟಿದ ಇಲಿ

ಒಂದಾನೊಂದು ಊರಿನಲ್ಲಿ ಒಂದು ಕಾರಿತ್ತು. ಮನೆಯಷ್ಟು ದೊಡ್ಡದು. ನಮ್ಮ ಮನೆಗಿಂತ ತುಸು ದೊಡ್ಡದೇ. ಎಣ್ಣೆ ಹಚ್ಚಿದ ಆನೆಯ ಹಾಗೆ ಕರ್ರಗೆ ಮಿರುಗುತ್ತಿತ್ತು. ಅದಕ್ಕೆ ಹಿಂದೆ ಮುಂದೆ ಕಣ್ಣು, ಮಾತಾಡುವ ಪರದೆ, ಕೂತವರ ಬೆನ್ನು ಒತ್ತುವ ಸೀಟು. ಆದರೆ ಅದಕ್ಕೊಂದು ಶಾಪವಿತ್ತು. ಯಾರೂ ಮುಟ್ಟದಿದ್ದರೂ ಹಾರ್ನು ಹೊಡೆದುಕೊಳ್ಳುತ್ತಿತ್ತು. ಮಳೆ ಬಂದರೆ ಸಾಕು, ಕಿಟಕಿಯ ಗಾಜು ತಾನಾಗಿ ಕೆಳಗಿಳಿಯುತ್ತಿತ್ತು. ಸಂಜೆ ಚೆನ್ನಾಗಿಯೇ ನಿಂತ ಗಾಡಿ ಬೆಳಿಗ್ಗೆ ಹೆಣದ ಹಾಗೆ ಬಿದ್ದಿರುತ್ತಿತ್ತು. ಬ್ಯಾಟರಿಯಲ್ಲಿ ತೊಟ್ಟು ಜೀವವಿರುತ್ತಿರಲಿಲ್ಲ.

ನಮ್ಮಜ್ಜಿಯಾಗಿದ್ದರೆ ಕಥೆಯ ಈ ಜಾಗಕ್ಕೆ ಒಬ್ಬ ಮಂತ್ರವಾದಿಯನ್ನು ತರುತ್ತಿದ್ದಳು. ಕಂಪನಿಯವರು ನನ್ನನ್ನು ತಂದರು.

ಅಂಥ ಕಾರುಗಳ ಸರ್ವಿಸ್ ಸೆಂಟರಿನಲ್ಲಿ ಮಾಲೀಕರ ದೂರು ಕೇಳುವುದು ನನ್ನ ಕೆಲಸ. ಕರೆಂಟಿನ ವಿಷಯದಲ್ಲಿ ನನ್ನ ಪಾಂಡಿತ್ಯ ಇಷ್ಟೇ: ಮನೆಯಲ್ಲಿ ಬಲ್ಬು ಹೋದರೆ ಅಮ್ಮ ಸ್ಟೂಲು ಹತ್ತುತ್ತಾಳೆ, ನಾನು ಕೆಳಗೆ ಸ್ಟೂಲು ಹಿಡಿದುಕೊಂಡು, ಏನೋ ಯೋಚನೆ ಮಾಡುತ್ತಾ ಕೈ ಬಿಟ್ಟು, ಅವಳನ್ನು ಬೀಳಿಸುತ್ತೇನೆ. ಅಂಥವಳಿಗೆ ಕಂಪನಿ ಒಂದು ಕಪ್ಪು ಕೋಟು ಕೊಟ್ಟಿತ್ತು. ಹಿಂದೆ ಇದ್ದವಳು ನನಗಿಂತ ದಪ್ಪಗಿದ್ದಳಂತೆ. ಕೋಟಿನ ಹೆಗಲು ನನ್ನ ಹೆಗಲಿಗಿಂತ ಮೊದಲು ಬಾಗಿಲು ದಾಟುತ್ತಿತ್ತು.

ದೂರನ್ನು ಕಂಪ್ಯೂಟರಿಗೆ ಹಾಕಿದ ಮೇಲೆ ಕಾರಣವನ್ನೂ ಹಾಕಬೇಕು. ಕಾರಣವನ್ನು ನಾವೇ ಬರೆಯುವಂತಿಲ್ಲ, ಅದು ತೋರಿಸಿದ್ದರಲ್ಲಿ ಒಂದನ್ನು ಆರಿಸಬೇಕು. ಮಳೆನೀರು, ಹೊರಗೆ ತೊಳೆಸಿದ್ದು, ಡ್ರೈವರನ ತಪ್ಪು, ಇಲಿ. ಕಾರೇ ಸರಿಯಿಲ್ಲ ಎನ್ನುವ ಕಾರಣ ಅದರಲ್ಲಿರಲಿಲ್ಲ. ಕಂಪನಿಯ ತಪ್ಪಲ್ಲ ಎಂದಾದರೆ ರಿಪೇರಿಯ ಖರ್ಚು ಮಾಲೀಕರ ತಲೆಗೆ. ಮೊದಲ ವಾರ ನಾನು ಪೆದ್ದಿಯ ಹಾಗೆ ಮ್ಯಾನೇಜರನ್ನು ಕೇಳಿದ್ದೆ, ಗಾಡಿಯೇ ಕೆಟ್ಟಿದ್ದರೆ ಯಾವುದನ್ನು ಒತ್ತಲಿ ಅಂತ.

"ನಮ್ಮ ಗಾಡಿ ಕೆಡಲ್ಲಮ್ಮ. ಅದಕ್ಕೆ ಏನಾದ್ರೂ ಆಗುತ್ತೆ, ಅಷ್ಟೆ" ಅಂದರು.

ಅಸಲು ಸಂಗತಿ ಒಳಗಿನವರಿಗೆಲ್ಲ ಗೊತ್ತಿದ್ದದ್ದೇ. ಗಾಡಿ ತಯಾರಾಗುವಾಗಲೇ ಇಂಜಿನ್ನಿನ ಹಿಂದೆ ವೈರಿನ ಕಟ್ಟನ್ನು ಒಂದು ಕಬ್ಬಿಣದ ಅಂಚಿಗೆ ತಾಗಿಸಿ ಕೂರಿಸಿದ್ದರು. ಓಡಿದಷ್ಟೂ ಉಜ್ಜಿ ಉಜ್ಜಿ ಅದರ ಸಿಪ್ಪೆ ಸುಲಿಯುತ್ತಿತ್ತು. ಸುಲಿದ ವೈರು ನೋಡಲು ಇಲಿ ಕಡಿದ ಹಾಗೇ ಇರುತ್ತಿತ್ತು.

ನಾನು ಯಾವಾಗಲೂ ಇಲಿಯನ್ನೇ ಆರಿಸುತ್ತಿದ್ದೆ. ಅದರಲ್ಲಿ ನನ್ನದೊಂದು ಪುಣ್ಯದ ಲೆಕ್ಕಾಚಾರವಿತ್ತು. ತೊಳೆಸಿದ್ದು ಅಂದರೆ ತೊಳೆಯುವವನಿಗೆ ಬೈಗುಳ. ಡ್ರೈವರನ ತಪ್ಪು ಅಂದರೆ ಡ್ರೈವರನ ಕೆಲಸಕ್ಕೆ ಕುತ್ತು. ಇಲಿಗೆ ಯಾರು ಏನು ಮಾಡಿಯಾರು? ಅದರ ಸಂಬಳ ಯಾರು ಹಿಡಿದಾರು? ಎಂಥ ದಯಾಮಯಿ ನಾನು ಅಂತ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಬರೀ ಇಲಿ ಎಂದು ಸುಮ್ಮನಿರುವ ಜಾಯಮಾನ ನನ್ನದಲ್ಲ. ಅಜ್ಜಿಯ ಮಡಿಲಲ್ಲಿ ಬೆಳೆದವಳು. ಚಳಿಯಲ್ಲಿ ನಡುಗುತ್ತಿದ್ದ ಒಂದು ಬಾಣಂತಿ ಇಲಿ, ಬೆಚ್ಚಗಿನ ಇಂಜಿನ್ ನೋಡಿ ಒಳಗೆ ಹೊಕ್ಕಿದ್ದು, ಮರಿಗಳಿಗೆ ಹಾಸಲು ಏನೂ ಸಿಗದೆ ವೈರಿನ ಸಿಪ್ಪೆ ಸುಲಿದದ್ದು, ಎಲ್ಲವನ್ನೂ ಕಣ್ಣಾರೆ ಕಂಡವಳ ಹಾಗೆ ಹೇಳುತ್ತಿದ್ದೆ. ಕೂಗಾಡುತ್ತಾ ಬಂದ ಮಾಲೀಕರು ಮೆತ್ತಗಾಗಿ ದುಡ್ಡು ಕಟ್ಟಿ ಹೋಗುತ್ತಿದ್ದರು. ಒಬ್ಬರ ಹೆಂಡತಿಯಂತೂ ಮರಿಗಳ ಗತಿ ಏನಾಯಿತು ಅಂತ ಕೇಳಿ ಕಣ್ಣು ಒರೆಸಿಕೊಂಡಿದ್ದರು. ಮ್ಯಾನೇಜರು ನನ್ನನ್ನು ನಮ್ಮ ಕಥೆಗಾರ್ತಿ ಎಂದು ಕರೆಯತೊಡಗಿದರು. ನಾನು ಕೋಟಿನೊಳಗೆ ಉಬ್ಬಿದೆ. ಹೆಗಲು ಸರಿಹೋದಂತೆ ಕಂಡಿತು.

ಒಂದು ಮಧ್ಯಾಹ್ನ ಆ ಕರಿ ಆನೆಯ ಡ್ರೈವರು ನಡೆದುಕೊಂಡು ಬಂದರು. ಗಾಡಿಯಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು. ಡ್ರೈವರುಗಳು ಗಾಜಿನ ಬಾಗಿಲಿನೊಳಗೆ ಬರುವಂತಿಲ್ಲ. ಹೊರಗೆ ಮೋಟುಗೋಡೆಯ ಮೇಲೆ ಕೂರಬೇಕು. ಅವರು ಬಾಗಿಲನ್ನು ಒಂದು ಗೇಣು ತೆರೆದು, ಅಲ್ಲಿಂದಲೇ ನನ್ನನ್ನು ಕರೆದರು. ನಾನು ಹೊರಗೆ ಹೋದೆ.

"ತಂಗಿ, ಆ ಇಲಿ ಎಲ್ಲಿದೆ?"

"ಯಾವ ಇಲಿ ಅಣ್ಣ?"

"ನನ್ನ ಕೆಲಸ ತಿಂದ ಇಲಿ."

ಅವರು ಸಮಾಧಾನದಿಂದಲೇ ಹೇಳಿದರು. ನನ್ನ ಇಲಿಯ ಕಥೆ ಕೇಳಿ ಮನೆಗೆ ಹೋದ ಮಾಲೀಕರು ಯೋಚನೆ ಮಾಡಿದರಂತೆ. ಇಲಿ ಸುಮ್ಮನೆ ಬರುವುದಿಲ್ಲ, ತಿನ್ನಲು ಇದ್ದರೆ ಬರುತ್ತದೆ. ಗಾಡಿಯಲ್ಲಿ ಕೂತು ತಿನ್ನುವವನು ಯಾರು? ಡ್ರೈವರು. ಅಷ್ಟೇ. ಕೆಲಸದಿಂದ ತೆಗೆದರು. ಬೇರೆ ಮನೆಗಳಲ್ಲಿ ಕೇಳಲು ಹೋದರೆ, ಗಾಡಿಯಲ್ಲಿ ಇಲಿ ಸಾಕಿದವನಂತಲ್ಲ ನೀನು ಅಂತ ನಕ್ಕರಂತೆ.

"ಆ ಗಾಡೀಲಿ ನಾನು ನೀರು ಕೂಡ ಕುಡಿದೋನಲ್ಲ ತಂಗಿ. ಬಾಯಾರಿದ್ರೆ ಇಳಿದು, ಬಾಗಿಲು ಹಾಕಿ, ಆಮೇಲೆ ಕುಡೀತಿದ್ದೆ. ಊಟದ ಡಬ್ಬಿ ಯಾವತ್ತೂ ಗೋಡೆ ಮೇಲೇ. ನಿಮ್ಮ ಇಲಿ ಏನು ತಿನ್ನೋಕೆ ಬಂತು ಅಂತ ಹೇಳಿಬಿಡು, ಹೋಗ್ತೀನಿ."

ಬಾಣಂತಿ ಇಲಿಗೆ ಮರಿ ಕೊಟ್ಟಿದ್ದೆ, ಚಳಿ ಕೊಟ್ಟಿದ್ದೆ, ಕಣ್ಣೀರು ಕೊಟ್ಟಿದ್ದೆ. ತಿನ್ನಲು ಏನೂ ಕೊಟ್ಟಿರಲಿಲ್ಲ. ಅದನ್ನು ಮಾಲೀಕರೇ ಹುಡುಕಿಕೊಂಡಿದ್ದರು.

"ಇಲಿ ಇರಲಿಲ್ಲ ಅಂತ ನಿಮ್ಮ ಸಾಹೇಬ್ರಿಗೆ ನಾನೇ ಹೇಳ್ತೀನಿ ಅಣ್ಣ" ಅಂದೆ.

"ನನ್ನ ಎದುರಿಗೆ ಹೇಳ್ಬೇಕು."

"ನಿಮ್ಮ ಎದುರಿಗೇ."

ಮಾತು ಕೊಡುವುದರಲ್ಲಿ ನಾನು ಯಾವ ರಾಜಕುಮಾರಿಗೂ ಕಡಿಮೆಯಿಲ್ಲ. ಒಳಗೆ ಬಂದು ಕಂಪ್ಯೂಟರಿನಲ್ಲಿ ಇಲಿಯನ್ನು ಅಳಿಸಲು ನೋಡಿದೆ. ಅದು ಒಪ್ಪಲಿಲ್ಲ. ಮ್ಯಾನೇಜರ ಹತ್ತಿರ ಹೋದೆ. ಒಬ್ಬನಿಗೆ ಹೇಳಿದರೆ ಎಲ್ಲರಿಗೂ ಹೇಳಬೇಕಾಗುತ್ತೆ ಕಣಮ್ಮ ಅಂತ ಅವರು ಮಗುವಿಗೆ ತಿಳಿ ಹೇಳುವಂತೆ ಹೇಳಿದರು. ಆಮೇಲೆ, ಬೇಕಾದರೆ ಎಲ್ಲಿಂದಾದರೂ ಒಂದು ಸತ್ತ ಇಲಿ ತರಿಸೋಣ, ಡ್ರೈವರಿಗೆ ತೋರಿಸಿದರೆ ಸುಮ್ಮನಾಗ್ತಾನೆ ಅಂತಲೂ ಸೇರಿಸಿದರು.

ಸಂಜೆ ಮನೆಗೆ ಹೋದೆ. ನಮ್ಮದು ಒಂದೇ ಕೋಣೆ. ಅಮ್ಮ ಕಿಟಕಿಯ ಬೆಳಕಿನಲ್ಲಿ ಕೂತು ಅಂಗಡಿಯವರ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಅಜ್ಜಿ ಮಂಚದ ಮೇಲಿದ್ದಳು. ನಾನು ಎಲ್ಲವನ್ನೂ ಯಾರದೋ ಕಥೆಯೆಂಬಂತೆ ಹೇಳಿದೆ. ಅಜ್ಜಿ ಮೋಸ ಹೋಗುವವಳಲ್ಲ.

"ಆ ಇಲೀನ ಹುಟ್ಟಿಸಿದ್ದು ಯಾರೇ?"

"ನಾನೇ ಅಜ್ಜಿ."

"ಹಂಗಾದ್ರೆ ಸಾಯಿಸ್ಬೇಕಾದವಳೂ ನೀನೇ. ನಾನು ಎಷ್ಟು ರಾಕ್ಷಸರನ್ನ ಹುಟ್ಟಿಸಿಲ್ಲ? ನೀನು ಕಣ್ಣು ಮುಚ್ಚೋದ್ರೊಳಗೆ ಒಬ್ಬೊಬ್ಬನ್ನೂ ಸಾಯಿಸಿಯೇ ನಾನು ಮಲಗಿದ್ದು."

ಅಮ್ಮ ದಾರವನ್ನು ಹಲ್ಲಿನಲ್ಲಿ ಕಡಿದಳು. "ಕೆಲಸ ಹೋದ್ರೆ ಬಾಡಿಗೆ ಬದಲು ನಿಮ್ಮಜ್ಜಿ ಮನೆ ಓನರಿಗೆ ಕಥೆ ಹೇಳ್ತಾಳಾ, ಕೇಳು."

ಇಬ್ಬರ ಮಾತೂ ಸರಿಯಾಗಿತ್ತು. ಅದೇ ಕಷ್ಟ. ಆಮೇಲಿನ ದಿನಗಳಲ್ಲಿ ನಾನು ಸ್ನಾನದ ಮನೆಯಲ್ಲಿ ಅದ್ಭುತ ಭಾಷಣಗಳನ್ನು ಮಾಡಿದೆ. ನನ್ನ ಮಾತಿನ ಬಿರುಸಿಗೆ ಗಾಜಿನ ಗೋಡೆಗಳು ಪುಡಿಯಾದವು, ಮ್ಯಾನೇಜರು ಮಂಡಿಯೂರಿದರು. ಆದರೆ ಕರಿ ಆನೆಯ ಮಾಲೀಕರು ಮತ್ತೆ ಬಂದು ಎದುರಿಗೆ ಕೂತ ದಿನ ನನ್ನ ಬಾಯಿಂದ ಹೊರಟ ಬಂಡಾಯದ ಮಾತು, "ಕುಡಿಯೋಕೆ ನೀರು ಕೊಡ್ಲಾ ಸರ್?"

ಡ್ರೈವರಣ್ಣ ಮಾತ್ರ ದಿನಾ ಬರುತ್ತಿದ್ದರು. ನನ್ನನ್ನು ಏನೂ ಕೇಳುತ್ತಿರಲಿಲ್ಲ. ಮೋಟುಗೋಡೆಯ ಮೇಲೆ ಉಳಿದ ಡ್ರೈವರುಗಳ ಜೊತೆ ಕೂತಿರುತ್ತಿದ್ದರು. ಕೂತವರು ಮಾತಾಡದೆ ಇರುತ್ತಾರೆಯೇ? ಮಾತು ಬೆಳೆಯಿತು. ನಮ್ಮ ಗಾಡಿಯಲ್ಲೂ ಇಲಿ ಅಂದರಪ್ಪ, ದಿನಾ ಸೀಟಿನ ಕೆಳಗೆ ನನ್ನ ಕೈಯಿಂದ ಗುಡಿಸಿಸುತ್ತಾರೆ ಅಂತ ಒಬ್ಬ. ಗಾಡಿ ಹತ್ತುವ ಮೊದಲು ನನ್ನ ಜೇಬು ತಡಕುತ್ತಾರೆ ಅಂತ ಇನ್ನೊಬ್ಬ. ಕೊನೆಗೆ ಇಲಿಯ ವಿಚಾರಣೆ ಶುರುವಾಯಿತು. ಎಂಥ ಇಲಿ? ಬಾಣಂತಿ ಇಲಿ. ಯಾಕೆ ಬಂತು? ಚಳಿಗೆ. ಎಲ್ಲರ ಗಾಡಿಯಲ್ಲೂ ಅದೇ ಬಾಣಂತಿ, ಅದೇ ಚಳಿ.

ನನ್ನ ಸೋಮಾರಿತನ ಅಲ್ಲಿ ಸಿಕ್ಕಿಬಿತ್ತು. ಗಾಡಿಗೊಂದು ಹೊಸ ಇಲಿಯನ್ನು ಕಟ್ಟುವಷ್ಟು ಕಷ್ಟ ನಾನು ಪಟ್ಟಿರಲಿಲ್ಲ.

ಮಧ್ಯಾಹ್ನ ಅವರ ಮುಂದೆ ಹಾದುಹೋಗುವಾಗ ಒಬ್ಬ ಕೇಳಿದ, "ಏನಮ್ಮ, ಬಾಣಂತಿ ಕ್ಷೇಮಾನಾ?" ಎಲ್ಲರೂ ನಕ್ಕರು. ಡ್ರೈವರಣ್ಣ ನಗಲಿಲ್ಲ. ಅವರು ನಕ್ಕಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಕರಿ ಆನೆ ದಾರಿಯುದ್ದಕ್ಕೂ ಕಿರುಚುತ್ತಲೇ ಬಂತು. ಹಾರ್ನು ನಿಲ್ಲುತ್ತಲೇ ಇರಲಿಲ್ಲ. ಒಳಗಿನವರು ಓಡಿ ಹೋಗಿ ಬ್ಯಾಟರಿಯ ವೈರು ಕಿತ್ತರು. ಮಾಲೀಕರು ಬೆವರು ಒರೆಸಿಕೊಳ್ಳುತ್ತಾ ಬಂದು ಕೌಂಟರಿಗೆ ಕೈ ಊರಿದರು. ಹೊಸ ಡ್ರೈವರು ಗಾಡಿಯಲ್ಲಿ ಏನೂ ತಿನ್ನುವುದಿಲ್ಲ, ನಾನೇ ಕಾವಲು ಕಾದಿದ್ದೇನೆ, ಆದರೂ ಇದು ಯಾಕೆ ಹೀಗೆ ಅಂತ ಕೇಳಿದರು. ಮ್ಯಾನೇಜರು ನನ್ನ ಕಡೆ ತಿರುಗಿ ನಕ್ಕರು.

"ಹೇಳಮ್ಮ. ಸಾಹೇಬ್ರಿಗೆ ನೀನೇ ಹೇಳು. ನೀನು ಹೇಳಿದ್ರೆ ಚಂದ."

ನಾನು ಎದ್ದೆ. ಧೈರ್ಯದಿಂದಲ್ಲ. ಕೂತಿದ್ದರೆ ಬಾಯಿ ತಾನಾಗಿ ಇಲಿಯ ಕಥೆ ಶುರು ಮಾಡಿಬಿಡುತ್ತಿತ್ತು. ಅದರ ಚಾಳಿ ನನಗೆ ಗೊತ್ತು. ಕೌಂಟರು ದಾಟಿ, ಗಾಜಿನ ಬಾಗಿಲು ಪೂರಾ ತೆರೆದು ಹಿಡಿದೆ.

"ಅಣ್ಣ, ಒಳಗೆ ಬನ್ನಿ."

ಡ್ರೈವರಣ್ಣ ಹೊಸ್ತಿಲಲ್ಲಿ ನಿಂತು ಒಳಗಿನ ಹೊಳೆಯುವ ನೆಲ ನೋಡಿದರು. ಆಮೇಲೆ ಕಾಲಿಟ್ಟರು. ಅವರ ಹಿಂದೆ ಗುಡಿಸುವವನು ಬಂದ, ಜೇಬು ತಡಕಿಸಿಕೊಳ್ಳುವವನು ಬಂದ, ಗೋಡೆಯ ಮೇಲಿದ್ದವರೆಲ್ಲ ಬಂದರು. ನಾನು ಕರೆದದ್ದು ಒಬ್ಬರನ್ನೇ. ಇವರೆಲ್ಲ ಯಾಕೆ ಒಳಗೆ ಅಂತ ಮ್ಯಾನೇಜರು ಕೇಳಿದರು. ಯಾರೂ ಹೊರಗೆ ಹೋಗಲಿಲ್ಲ.

ಸ್ನಾನದ ಮನೆಯ ಒಂದು ಭಾಷಣವೂ ನೆನಪಿಗೆ ಬರಲಿಲ್ಲ. ಬಂದದ್ದು ಶಾಲೆಯಲ್ಲಿ ಪದ್ಯ ಮರೆತ ಹುಡುಗಿಯ ಕೀರಲು ದನಿ.

"ಸರ್, ಇಲಿ ಇರಲಿಲ್ಲ. ಅದು ನಾನು ಕಟ್ಟಿದ್ದು. ವೈರು ಉಜ್ಜಿ ಹೋಗೋ ಹಾಗೇ ಗಾಡಿ ತಯಾರಾಗಿ ಬಂದಿತ್ತು, ಇಲ್ಲಿ ಎಲ್ಲರಿಗೂ ಗೊತ್ತು. ಈ ಅಣ್ಣ ಅದರಲ್ಲಿ ಒಂದು ತುತ್ತೂ ತಿಂದಿಲ್ಲ."

ಮಾಲೀಕರ ಮುಖ ಕೆಂಪಾಯಿತು. ಅವರು ತಿರುಗಿದ್ದು ಮ್ಯಾನೇಜರ ಕಡೆ. ಹಾಗಾದರೆ ರಿಪೇರಿಗೆ ಅಂತ ನನ್ನಿಂದ ವಸೂಲಿ ಮಾಡಿದ್ದು ಏನು, ನನಗೇ ಮೋಸವೇ, ನಾನು ಯಾರು ಗೊತ್ತಾ ಅಂತ ಶುರು ಮಾಡಿದರು. ಮ್ಯಾನೇಜರು ಅವರ ಕೈ ಹಿಡಿದುಕೊಂಡು, ಹುಡುಗಿಗೆ ತಲೆ ಸರಿಯಿಲ್ಲ ಸರ್ ಅನ್ನುತ್ತಲೇ, ಕೋಟು ಬಿಚ್ಚಿಡು ಅಂತ ನನಗೆ ಸನ್ನೆ ಮಾಡಿದರು. ಬಿಚ್ಚಿದೆ. ಅದು ಕುರ್ಚಿಯ ಮೇಲೆ ನನಗಿಂತ ಗಂಭೀರವಾಗಿ ಕೂತಿತು. ಇಬ್ಬರೂ ದೊಡ್ಡವರು ತಮ್ಮ ತಮ್ಮ ನಷ್ಟದ ಮಾತಿಗೆ ಇಳಿದಿದ್ದರು. ಡ್ರೈವರಣ್ಣ ಅವರ ಪಕ್ಕದಲ್ಲೇ, ಅವರ ಕಣ್ಣಿಗೆ ಬೀಳದವರಂತೆ ನಿಂತಿದ್ದರು.

"ತಂಗಿ, ಸಾಹೇಬ್ರು ನನ್ನ ಕಡೆ ನೋಡ್ಲೇ ಇಲ್ಲ" ಅಂದರು ಅವರು ಮೆಲ್ಲಗೆ. "ಇನ್ನೊಂದ್ಸಲ ಹೇಳು."

ಹಿಂದಿನಿಂದ ಯಾರೋ, "ಹೇಳಮ್ಮ, ನಾವೂ ಇದೀವಿ" ಅಂದರು. ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು. ಮಾಲೀಕರು ಮಾತು ನಿಲ್ಲಿಸಿದರು. ಸುತ್ತ ನೋಡಿದರು. ಬೇರೆ ಕಡೆ ನೋಡಲು ಜಾಗ ಉಳಿದಿರಲಿಲ್ಲ.

ಅವರ ಕಣ್ಣು ಅಣ್ಣನ ಮುಖಕ್ಕೆ ಬಂದು ನಿಲ್ಲುವವರೆಗೆ ನಾನು ಕಾದೆ. ಆಮೇಲೆ ಇನ್ನೊಂದು ಸಲ, ಮೊದಲಿಂದ ಹೇಳಿದೆ.