ಹುಲ್ಲುಗಾವಲೋ, ಪಾಳೋ

‘ಹುಲ್ಲುಗಾವಲು’ ಎಂದು ಒತ್ತುವುದೋ, ‘ಪಾಳು’ ಎಂದೋ? ಟ್ಯಾಬ್ಲೆಟ್ ಹಿಡಿದು ನಿಂತ ದ್ವಾರಕಾನಾಥನಿಗೆ ಬೆಟ್ಟದ ಗಾಳಿಯಲ್ಲೂ ಬೆವರು.

ಭೂಕಂಪಕ್ಕೆ ಜಪಾನಿನ ಈ ಇಡೀ ಬೆಟ್ಟಸಾಲು ಪೂರ್ವಕ್ಕೆ ಸರಿದಿತ್ತು. ಮೂರು ವರ್ಷದ ಮೇಲೆ ಅದರ ಹೊಸ ನಕ್ಷೆ ಮಾಡಲು ನೋಮಿ ಊರಿನ ವಿಶ್ವವಿದ್ಯಾಲಯದಿಂದ ಬಂದ ಸಂಶೋಧಕ ಇವನು. ಎತ್ತರ, ಇಳಿಜಾರು, ಬೇಲಿ, ಎಲ್ಲ ಸೆಂಟಿಮೀಟರು ತಪ್ಪದಂತೆ ಮುಗಿದಿತ್ತು. ಉಳಿದದ್ದು ಇದೊಂದೇ.

ಜಮೀನು ಮುದುಕ ಕುದೋ-ಸಾನ್‌ದು. ಭೂಕಂಪಕ್ಕೆ ಒಡೆದ ಅಣುಸ್ಥಾವರದ ವಿಕಿರಣದ ಧೂಳು ಬಿದ್ದ ವರ್ಷವೇ ಅವನ ದನಗಳನ್ನು ಲಾರಿ ಹತ್ತಿಸಿದ್ದರು. ಆದರೂ ಪ್ರತಿ ಬೇಸಿಗೆ ಹುಲ್ಲು ಕೊಯ್ದು ಒಟ್ಟುತ್ತಿದ್ದ. ಹಟ ಅಂದರೆ ಹಟ.

“ಹುಲ್ಲುಗಾವಲು ಅಂತಾನೇ ಹಾಕ್ತೀರಲ್ವಾ? ಪಾಳು ಅಂದ್ರೆ ಮಣ್ಣು ಸ್ವಚ್ಛ ಮಾಡೋ ಪಟ್ಟಿಯಿಂದ ತೆಗೀತಾರೆ. ಆಮೇಲೆ ದನ ಬರಲ್ಲ,” ಎಂದ ಪಕ್ಕದಲ್ಲೇ ನಿಂತಿದ್ದ ಮುದುಕ.

“ಆಫೀಸಿನವರು ನೋಡ್ತಾರೆ, ಕುದೋ-ಸಾನ್.”

ಸುಳ್ಳು. ಇವನು ಒತ್ತಿದ್ದನ್ನೇ ಅವರು ನೋಡುವುದು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿ ಪೂಜಾರಿ ತಾನೇ.

ಫೋನ್ ಬಂತು. ಕಾವಾಸಾಕಿಯ ಬಾಡಿಗೆ ಮನೆಯಿಂದ ಹೆಂಡತಿ ಶ್ರೀವಿದ್ಯಾ, ಮಗಳು ನಿಧಿಯ ವಿಷಯಕ್ಕೆ.

“ನಿಧಿ ಸ್ಕೂಲ್ ಫಾರ್ಮಲ್ಲಿ ಪರ್ಮನೆಂಟ್ ಅಡ್ರೆಸ್ ಕೇಳಿದಾರೆ. ಮೈಸೂರಿಂದು ಬರೀಲಾ?”

“ಅಲ್ಲಿ ಈಗ ಯಾರಿದಾರೆ?”

“ಮತ್ತೆ ಇಲ್ಲೀದಾ?”

“ಲೀಸ್ ಮಾರ್ಚ್‌ಗೆ ಮುಗಿಯತ್ತಲ್ಲ.”

“ಏನ್ ಬರೀಲಿ ಹಾಗಾದ್ರೆ?”

“ಖಾಲಿ ಬಿಡು.”

“ಖಾಲಿ ಬಿಟ್ರೆ ತಗೊಳಲ್ವಂತೆ,” ಎಂದು ಅವಳು ಫೋನ್ ಇಟ್ಟಳು.

ಅವನಿಗೆ ನಾಚಿಕೆಯಾಯಿತು. ಯಾಕೆಂದು ಮಾತ್ರ ತಿಳಿಯಲಿಲ್ಲ. ಕೆಲಸ ಮುಗಿಸಿಬಿಡೋಣವೆಂದು ನಿಯಮ ತೆರೆದ. ಹುಲ್ಲು ಮೇವಿಗೆ ಬಳಕೆಯಾಗುತ್ತಿದ್ದರೆ ಹುಲ್ಲುಗಾವಲು, ಇಲ್ಲದಿದ್ದರೆ ಪಾಳು. ಪುರಾವೆಗೆ ಒಂದು ಫೋಟೋ.

“ಸುಮಿಮಾಸೆನ್, ಕ್ಷಮಿಸಿ, ಕೇಳಲೇಬೇಕು. ಈ ಹುಲ್ಲು ಈ ವರ್ಷ ಯಾವುದಾದ್ರೂ ಹೊಟ್ಟೆಗೆ ಹೋಗಿದ್ಯಾ?”

ಹೋಗಿದೆ ಎಂದು ಬಾಯಿಮಾತಿಗೆ ಅಂದರೂ ಸಾಕಿತ್ತು. ಹಳೆಯ ಫೋಟೋ ಒಂದನ್ನು ಇವನು ಹೇಗೋ ಹೊಂದಿಸುತ್ತಿದ್ದ. ಮುದುಕನಿಗೆ ಸುಳ್ಳು ಬರುತ್ತಿರಲಿಲ್ಲ. ಟೋಪಿ ತೆಗೆದು ಬೇಲಿಗೆ ಸಿಕ್ಕಿಸಿದ. ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತು, ಮಣ್ಣು ಕೊಡವಿ, ಬಾಯಿಗೆ ಇಟ್ಟುಕೊಂಡ.

“ಕುದೋ-ಸಾನ್, ಬೇಡ. ಅದರಲ್ಲಿ ವಿಷ ಇದೆ.”

“ತೆಗೀರಿ ಫೋಟೋ.”

ದ್ವಾರಕಾನಾಥ ಟ್ಯಾಬ್ಲೆಟ್ ಎತ್ತಿದ. ಕ್ಯಾಮೆರಾ ತಾನಾಗಿಯೇ ಮನುಷ್ಯನ ಮುಖ ಗುರುತಿಸಿ ಅದರ ಸುತ್ತ ಹಳದಿ ಚೌಕ ಹಾಕಿತು. ಮುದುಕ ಆತುರವಿಲ್ಲದೆ, ದವಡೆ ಅಡ್ಡಡ್ಡ ಆಡಿಸುತ್ತ ಅಗಿಯುತ್ತಿದ್ದ. ಚೌಕ ಒಮ್ಮೆ ಮಾಯವಾಯಿತು, ಮತ್ತೆ ಬಂತು, ಮತ್ತೆ ಮಾಯವಾಯಿತು.