ನಾಲ್ಕು ಮೆಟ್ಟಿಲೊಳಗಿನ ನೆಂಟ

ಸಾವಿತ್ರಮ್ಮ ಶವಪೆಟ್ಟಿಗೆಯ ಮೇಲೆ ಬಗ್ಗಿ ಶ್ರೀಕಂಠನ ಹಣೆಯ ಮೇಲಿನ ಕೂದಲು ಸರಿಸಲು ಹೊರಟಿದ್ದರು. ಕಾತ್ಯಾಯಿನಿ ಅವರ ಮೊಣಕೈ ಹಿಡಿದು ಹಿಂದಕ್ಕೆಳೆದಳು.

"ಅಮ್ಮಾ, ಜನ ಬರ್ತಿದಾರೆ. ಹಿಂದಿನ ಸಾಲಲ್ಲಿ ಕೂತ್ಕೋ. ಎಲ್ರಿಗೂ ನೀನು ಅವರ ಅತ್ತೆ ಅಂತಷ್ಟೇ ಹೇಳಿದೀನಿ."

"ಅತ್ತೆ ಆಗೋಕ್ಕೆ ಮುಂಚೆ ನಾನು ಅವನ ಅಕ್ಕ ಕಣೇ. ನಾನು ಎತ್ತಿ ಆಡ್ಸಿದ ಮಗು."

"ಇವತ್ತೊಂದಿನ ಸುಮ್ನಿರಮ್ಮ."

ಸಾವಿತ್ರಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಹಿಂದೆ ಹೋಗಿ ಕೂತರು. ತಾಯಿಯಿಲ್ಲದ ತಮ್ಮನನ್ನು ತಾವೇ ಸಾಕಿ, ಮಗಳನ್ನೂ ಅವನಿಗೇ ಕೊಟ್ಟವರು ಅವರು. ಸೋದರಮಾವನನ್ನು ಮದುವೆಯಾದಳೆಂದು ಮೈಸೂರಿನಲ್ಲಿ ಯಾರೂ ಹುಬ್ಬೇರಿಸಿರಲಿಲ್ಲ. ಇಲ್ಲಿ, ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನಲ್ಲಿ, ಆ ಮಾತು ಮನೆಯ ಹೊಸ್ತಿಲು ದಾಟಿರಲಿಲ್ಲ. ಕಾಲೇಜಿಗೆ ಹೋಗುವ ಮಗಳು ಅನನ್ಯಾಗೂ ಗೊತ್ತಿರಲಿಲ್ಲ. ತಿಳಿದರೆ ಅವಳು ಅಪ್ಪನನ್ನೂ ತನ್ನನ್ನೂ ಹೇಸಿಗೆಪಟ್ಟು ನೋಡಿಯಾಳೆಂಬ ಭಯ ಕಾತ್ಯಾಯಿನಿಗೆ.

ಪೆಟ್ಟಿಗೆಯ ಪಕ್ಕ ಮೂರು ಕುರ್ಚಿ ಹಾಕಿದ್ದರು. ಮೊದಲನೆಯದನ್ನು ತೋರಿಸಿ ಫ್ಯೂನರಲ್ ಹೋಮ್‌ನವನು, ತೀರಿಕೊಂಡವರ ಕಡೆಯ ರಕ್ತಸಂಬಂಧಿಗಳು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದ. "ಯಾರೂ ಇಲ್ಲ" ಎಂದಿದ್ದಳು ಕಾತ್ಯಾಯಿನಿ. ಆ ಕುರ್ಚಿ ಖಾಲಿ ಉಳಿದಿತ್ತು. ಉಳಿದೆರಡರಲ್ಲಿ ಅವಳೂ ಅನನ್ಯಾಳೂ ಕೂತು, ಸಾಲಾಗಿ ಬಂದವರಿಗೆಲ್ಲ ಕೈ ಚಾಚುತ್ತಿದ್ದರು. "ಸಾರಿ ಫಾರ್ ಯುವರ್ ಟ್ರಬಲ್" ಎಂದು ಅಲ್ಲಿಯ ರೂಢಿಯಂತೆ ಸಂತಾಪ ಹೇಳುವುದು, ಕೈ ಕುಲುಕುವುದು, ಮುಂದೆ ಸರಿಯುವುದು. ಎದುರುಮನೆಯ ಬ್ರೀಡಾ ಮಾತ್ರ ಕೈ ಬಿಡದೆ, "ಇನ್ನು ನಮ್ಮ ಬೀದಿಯ ಕಸದ ಬಿನ್‌ಗಳನ್ನೆಲ್ಲ ಒಳಗೆ ತಂದಿಡುವವರು ಯಾರಮ್ಮ?" ಎಂದು ಅತ್ತಳು.

ಹಿಂದಿನ ಸಾಲಿನ ಬಿಕ್ಕು ಕೇಳಿ ವಸುಂಧರಾ ಬಗ್ಗಿ ಪಿಸುಗುಟ್ಟಿದಳು. ಊರಿನ ಕನ್ನಡದವರಲ್ಲಿ ಕಾತ್ಯಾಯಿನಿಗೆ ಹತ್ತಿರದವಳು ಅವಳೊಬ್ಬಳೇ.

"ಅಳಿಯನಿಗೋಸ್ಕರ ಇಷ್ಟು ಅಳೋ ಅತ್ತೇನ ನಾನು ನೋಡೇ ಇಲ್ಲ ಕಣೇ."

ಕಾತ್ಯಾಯಿನಿ ಸಾಲಿನ ಮುಂದಿನವರಿಗೆ ಕೈ ಚಾಚಿದಳು.

*

ಬಹಳ ವರ್ಷಗಳ ಹಿಂದಿನ ಮಾತು, ಅನನ್ಯಾ ಆಗಷ್ಟೇ ಶಾಲೆಗೆ ಸೇರಿದ್ದಳು. ಪಕ್ಕದ ಮನೆಯ ಫಾದರ್ ಫಿನ್‌ಬಾರ್ ಚರ್ಚ್ ಕಾನೂನು ಕಲಿಸಿ ನಿವೃತ್ತರಾದವರು, ಮಾತಿಗೆ ಸಿಕ್ಕರೆ ಬಿಡುವವರಲ್ಲ. ಶ್ರೀಕಂಠ ಕೊಟ್ಟ ಸಾರನ್ನು ಬೇಲಿಯಾಚೆ ನಿಂತು ಹೀರುತ್ತಾ, ಎಂಟುನೂರು ವರ್ಷದ ಹಿಂದೆ ರೋಮಿನಲ್ಲಿ ಕೂಡಿದ ಮಹಾಸಭೆಯ ಕಥೆಯನ್ನು ನಿನ್ನೆ ನಡೆದದ್ದೆಂಬಂತೆ ಹೇಳುತ್ತಿದ್ದರು. ದೇಶದೇಶದ ಬಿಷಪ್‌ಗಳು ಸೇರಿ ಮಾಡಿದ ಕಟ್ಟಳೆಗಳೇ ಮುಂದೆ ಕಾನೂನಾದವಂತೆ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕು. ಪಾದ್ರಿಗಳು ಜೂಜಾಡಬಾರದು, ಹೆಂಡದಂಗಡಿಯತ್ತ ಸುಳಿಯಬಾರದು.

"ಆ ಕೊನೆಯದು ಶನಿವಾರ ನನಗೆ ಮರೆತೇಹೋಗುತ್ತೆ" ಎಂದು ನಗುತ್ತಿದ್ದರು.

ಆ ದಿನ ಮದುವೆಯ ಮಾತು ಬಂತು. ಮೊದಲು ಏಳು ಮೆಟ್ಟಿಲವರೆಗಿನ, ಎಂದರೆ ಏಳು ತಲೆಮಾರಿನೊಳಗಿನ ನೆಂಟರಲ್ಲಿ ಮದುವೆ ಕೂಡದೆಂದಿತ್ತು, ಆ ಸಭೆ ಅದನ್ನು ನಾಲ್ಕಕ್ಕಿಳಿಸಿತು ಎಂದು ಬೆರಳು ಮಡಚಿ ಎಣಿಸಿ ತೋರಿಸಿದರು.

"ಅಕ್ಕನ ಮಗಳನ್ನು ಮದುವೆಯಾದರೆ?" ಕಾತ್ಯಾಯಿನಿ ಬಟ್ಟೆ ಹರವುತ್ತಾ ಕೇಳಿದಳು.

"ಏಳಿರಲಿ, ನಾಲ್ಕಿರಲಿ, ಅದು ಮದುವೆಯೇ ಅಲ್ಲ!"

ಅವರು ಹೇಳಿದ್ದು ಕ್ಯಾಥೊಲಿಕ್ಕರ ಕಟ್ಟಳೆ ಎಂದು ಅವಳಿಗೆ ಹೊಳೆಯಲಿಲ್ಲ. ಈ ದೇಶ ತಮ್ಮ ಮದುವೆಯನ್ನೇ ಒಪ್ಪದೆಂದುಕೊಂಡಳು. ವರ್ಕ್ ಪರ್ಮಿಟ್ಟು, ಮಗಳ ಶಾಲೆ ಎಲ್ಲ ಕೈಬಿಟ್ಟುಹೋದಂತೆ ಅನಿಸಿತು. ಯಾರನ್ನಾದರೂ ಕೇಳಲೂ ಧೈರ್ಯ ಬರಲಿಲ್ಲ. ಆ ಸಂಜೆಯೇ ಗಂಡನಿಗೆ ಹೇಳಿದಳು.

"ಇನ್ಮೇಲೆ ನಿನ್ನ ಮಾಮ ಅಂತ ಕರಿಯಲ್ಲ. ಶ್ರೀ ಅಂತೀನಿ."

"ತೊಟ್ಟಿಲಿಂದ ಮಾಮ ಅಂದವಳು ನೀನು. ನಾಲಿಗೆ ತಿರುಗುತ್ತೇನೇ?"

ತಿರುಗಿತು. ಅವನಿಗೆ ಮಾತ್ರ ಒಗ್ಗಲಿಲ್ಲ. ಶ್ರೀ ಎಂದರೆ ಬೇರೆ ಯಾರನ್ನೋ ಕರೆದರೆಂಬಂತೆ ಒಂದು ಗಳಿಗೆ ತಡೆದು ಓಗೊಡುತ್ತಿದ್ದ. ಒಂದೇ ಮನೆಯಲ್ಲಿ ಇಬ್ಬರೂ ಒಂಟಿಯಾದದ್ದು ಹಾಗೆ. ಆಸ್ಪತ್ರೆಯಲ್ಲಿ ಕೊನೆಗೆ, "ಒಂದ್ಸಲ ಮುಂಚಿನ ಥರ ಕರಿಯೇ" ಎಂದಿದ್ದ. ಅನನ್ಯಾ ಪಕ್ಕದಲ್ಲೇ ಇದ್ದಳು. ಕಾತ್ಯಾಯಿನಿ ಅವನ ಹೊದಿಕೆಯನ್ನಷ್ಟೇ ಸರಿಮಾಡಿದ್ದಳು.

*

ಫಾದರ್ ಫಿನ್‌ಬಾರ್ ಕೋಲೂರಿಕೊಂಡು ಬಂದರು. ಪೆಟ್ಟಿಗೆಯೊಳಗಿನ ಮುಖವನ್ನು ನೋಡಿದರು, ಆಮೇಲೆ ಹಿಂದಿನ ಸಾಲಿನ ಮುಖವನ್ನು.

"ಅದೇ ಕಿವಿ, ಅದೇ ಗಲ್ಲ. ಆಕೆ ಇವನ ಅಕ್ಕ ಅಲ್ಲವೇ? ಹಿಂದೆ ಯಾಕೆ ಕೂತಿದ್ದಾರೆ?"

"ಅವರು ನನ್ನ ತಾಯಿ."

ಮುದುಕರ ಬೆರಳುಗಳು ಮೆಟ್ಟಿಲು ಎಣಿಸುವಂತೆ ತಾವಾಗಿಯೇ ಮಡಚಿಕೊಂಡು, ಎರಡಕ್ಕೇ ನಿಂತವು. ಅವರಿಗೆ ಹಳೆಯ ಮಾತು ನೆನಪಾಗಿರಬೇಕು, ಮುಖ ಬಿಳಿಚಿತು. ಬಗ್ಗಿ ಮೆಲ್ಲಗೆ ಹೇಳಿದರು.

"ಆ ಕಟ್ಟಳೆ ನಮ್ಮ ಚರ್ಚಿನವರಿಗೆ, ಮಗೂ. ನಿಮಗಲ್ಲ. ಕಾಲಕ್ಕೆ ತಕ್ಕಂತೆ ಮನುಷ್ಯರ ಕಟ್ಟಳೆ ಬದಲಾದರೆ ತಪ್ಪಿಲ್ಲ ಎಂದೂ ಅದೇ ಸಭೆ ಹೇಳಿತ್ತು."

"ಅದನ್ನು ಆವತ್ತೇ ಹೇಳಬೇಕಿತ್ತು, ಫಾದರ್." ಅವಳಿಗೆ ಸಿಟ್ಟು ಉಕ್ಕಿತ್ತು. ಅದು ಅವರ ಮೇಲಿನ ಸಿಟ್ಟಲ್ಲವೆಂದು ಅವಳಿಗೂ ಗೊತ್ತಿತ್ತು.

ಎದ್ದು ಹೋಗಿ ತಾಯಿಯ ಕೈ ಹಿಡಿದು ಕರೆತಂದು ಮೊದಲ ಕುರ್ಚಿಯಲ್ಲಿ ಕೂರಿಸಿದಳು. "ಕೂತ್ಕೋಮ್ಮ, ಇದು ನಿನ್ ಜಾಗ." ಆಮೇಲೆ ಮಗಳತ್ತ ತಿರುಗಿದಳು.

"ಅನೂ, ಅಜ್ಜಿ ನಿಮ್ಮಪ್ಪನ ಸ್ವಂತ ಅಕ್ಕ. ನಿಮ್ಮಪ್ಪ ನಂಗೆ ಸೋದರಮಾವ."

"ವಾಟ್?" ಅನನ್ಯಾ ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಕೋಟು ಎತ್ತಿಕೊಂಡು ಬಾಗಿಲು ದಾಟಿ ಹೊರಟುಹೋದಳು.

ಕಾತ್ಯಾಯಿನಿ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು.

"ಮಾಮ" ಎಂದಳು. ಮತ್ತೆ, ಎಲ್ಲರಿಗೂ ಕೇಳುವಂತೆ, "ಮಾಮ."

ತಡೆದಾದರೂ ಓಗೊಡಲು ಅವನಿರಲಿಲ್ಲ. ಸಾವಿತ್ರಮ್ಮ ಎದ್ದು ತಮ್ಮನ ಕೂದಲು ಸರಿಸಿದರು. ಈ ಸಲ ಯಾರೂ ತಡೆಯಲಿಲ್ಲ.

ಸಾಲು ಮತ್ತೆ ಸರಿಯತೊಡಗಿತು. ಬಂದವರು ಸಾವಿತ್ರಮ್ಮನ ಕೈ ಕುಲುಕಿ, ಕಾತ್ಯಾಯಿನಿಯ ಕೈ ಕುಲುಕಿ, ಅದೇ ರೂಢಿಯಲ್ಲಿ ಮೂರನೆಯ ಕುರ್ಚಿಯತ್ತಲೂ ಕೈ ಚಾಚಿ, ಅದು ಖಾಲಿಯೆಂದು ಕಂಡು ಹಿಂದೆಗೆಯುತ್ತಿದ್ದರು. ಕಾತ್ಯಾಯಿನಿ ಬಾಗಿಲತ್ತ ನೋಡುವುದನ್ನೇ ಬಿಟ್ಟಳು.

ಕೊನೆಕೊನೆಗೆ ಕಣ್ಣೆತ್ತಿದಾಗ ಸಾಲಿನ ತುದಿಯಲ್ಲಿ ಅನನ್ಯಾ ನಿಂತಿದ್ದಳು. ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು, ಹೊರಗಿನವಳ ಹಾಗೆ, ಮುಂದಿನವರು ಸರಿದಷ್ಟೇ ಸರಿದು ಬಂದಳು. ಅಜ್ಜಿಯ ಕೈ ಹಿಡಿದಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ತಡವರಿಸುತ್ತಾ ಕನ್ನಡ ಹುಡುಕಿದಳು.

"ಅಜ್ಜಿ... ನಿಮ್ಮ ತಮ್ಮ ಹೋಗ್ಬಿಟ್ರು. ಸಾರಿ, ಅಜ್ಜಿ."

ಆಮೇಲೆ ಒಂದು ಹೆಜ್ಜೆ ಸರಿದು ಅಮ್ಮನ ಎದುರು ನಿಂತಳು. ಕಾತ್ಯಾಯಿನಿ ಉಳಿದವರಿಗೆಲ್ಲ ಚಾಚಿದ ಹಾಗೆಯೇ ಮಗಳಿಗೂ ಕೈ ಚಾಚಿದಳು.