ಕೂದಲ ತುದಿಯ ಹನಿ

ಅರೆ, ಇದು ನೇಲ್ ಪಾಲಿಶ್ ವಾಸನೆಯಲ್ಲವೇ, ಮೊದಲು ಮೂಗಿನ ಬುಡಕ್ಕೆ ಚುರುಕ್ಕೆಂದು ತಾಗಿ ಆಮೇಲೆ ಸಿಹಿಯಾಗುವ ಅದೇ ವಾಸನೆ, ದಿನವಿಡೀ ಪಾರ್ಲರಿನಲ್ಲಿ ಕುಡಿದು ಸಂಜೆ ತಲೆಗೂದಲಲ್ಲಿ ಹೊತ್ತುಕೊಂಡು ಮನೆಗೆ ಬರುವ ವಾಸನೆ, ಇದು ಮಾವನ ಕೋಣೆಯಲ್ಲಿ ಏನು ಮಾಡುತ್ತಿದೆ — ಬಾಗಿಲ ಸಂದಿಯಿಂದ ಎಷ್ಟೋ ಸಲ ಬಂದಿರಬೇಕು, ನನ್ನ ಮೈಯದೇ ಅಂದುಕೊಂಡು ಸುಮ್ಮನಿದ್ದೆ, ಒಳಗೆ ಕಾಲಿಟ್ಟಿದ್ದು ಇವತ್ತೇ ಮೊದಲು, ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಈ ಕೋಣೆಯ ಬಗ್ಗೆ ನನಗೆ ಗೊತ್ತಿದ್ದದ್ದು ಅದರ ಕಾನೂನುಗಳು ಮಾತ್ರ, ಮಾವ ಒಳಗಿದ್ದರೆ ನಡುಮನೆಯ ಫ್ಯಾನ್ ಹಾಕಬಾರದು, ಬಾಗಿಲು ದಡಾರೆಂದು ಬಡಿಯಬಾರದು, ಸೀನು ಬಂದರೆ ಮೂಗು ಹಿಡಿದುಕೊಂಡು ಹೊರಗೆ ಓಡಬೇಕು, ಹೊಸದರಲ್ಲಿ ನನ್ನವನು ಇದನ್ನೆಲ್ಲ ಹೇಳಿಕೊಟ್ಟಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ, ಒಳಗೇನು ಹಾವು ಸಾಕಿದಾರಾ ನಿಮ್ಮಪ್ಪ, ಹಾವಲ್ಲ ಕಣೇ, ವಿಮಾನ, ಕಡ್ಡಿಯಲ್ಲಿ ಕಟ್ಟಿದ ಆಟದ ವಿಮಾನ — ಅವನು ಲಾರಿ ಓಡಿಸುವವನು, ಅವನದು ಟನ್ನುಗಳ ಲೆಕ್ಕ, ಅಪ್ಪನದು ಸಾಸಿವೆಕಾಳಿನ ಲೆಕ್ಕ, ಔಷಧಿ ಅಂಗಡಿಗಳ ಪುಟ್ಟ ತಕ್ಕಡಿಗಳನ್ನು ರಿಪೇರಿ ಮಾಡಿಕೊಂಡೇ ಆಯುಷ್ಯ ಕಳೆದ ಮನುಷ್ಯ, ಮಾತನ್ನೂ ತೂಗಿಯೇ ಆಡುವುದು, ನನ್ನ ಪಾಲಿಗಂತೂ ತಕ್ಕಡಿ ಏಳಲೇ ಇಲ್ಲ, ಎದುರಿಗೇ ನಾನು ನಿಂತಿದ್ದರೂ ಮಗನ ಕಡೆ ತಿರುಗಿ, ಅವಳಿಗೆ ಹೇಳು ಊಟ ಚೆನ್ನಾಗಿತ್ತು ಅಂತ, ಅವಳಿಗೆ ಹೇಳು ಮಳೆ ಬರೋ ಹಾಗಿದೆ ಅಂತ, ಸಿಟ್ಟೇನಲ್ಲ, ಸಂಕೋಚ, ಆದರೆ ಇವತ್ತು ಹೇಳುವುದಕ್ಕೆ ಮಗ ಊರಲ್ಲಿಲ್ಲ, ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು, ಏನು ಬೇಕು ಮಾವ ಅಂದೆ, ನೆಲ ನೋಡುತ್ತಲೇ, ಅವನು ಯಾವಾಗ ಬರ್ತಾನೆ, ನಾಳೆ, ಹಾಗಾದ್ರೆ ಬಿಡು ಅಂದರು, ಅಂದವರು ಹೋಗಲಿಲ್ಲ, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಹಾಗೇ ನಿಂತರು, ಹಿಡಿಸಿಕೊಂಡ ಕೈ ನಡುಗುತ್ತಿತ್ತು, ಹಿಡಿದ ಕೈಯೂ ನಡುಗುತ್ತಿತ್ತು, ಏನಾಯ್ತು ಹೇಳಿ ಮಾವ, ಮುರೀತಮ್ಮ. ಅಷ್ಟೇ. ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು, ಮುರೀತಮ್ಮ, ನನಗೆ ಒಲೆ ಆರಿಸಲೂ ನೆನಪಾಗಲಿಲ್ಲ, ಅವರ ಹಿಂದೆ ಕೋಣೆಗೆ ಹೊರಟವಳು ಮತ್ತೆ ಓಡಿಬಂದು ಆರಿಸಿ ಹೋದೆ.

ಎಲ್ಲಿ ಮಾವ ಮುರಿದದ್ದು, ಮೇಜಿನ ಮೇಲೆ ಏನೂ ಇಲ್ಲವಲ್ಲ, ಬಗ್ಗಿ ನೋಡು ಅಂದರು, ಬಗ್ಗಿದೆ — ಅಯ್ಯೋ ದೇವರೇ, ಕಿಟಕಿಯ ಬೆಳಕು ಓರೆಯಾದ ಕೂಡಲೇ ಗಾಳಿಯೊಳಗಿಂದ ಒಂದು ರೆಕ್ಕೆ ಎದ್ದು ಬಂತು, ಮೊಳಕ್ಕಿಂತ ತುಸು ಉದ್ದ, ಸುತ್ತಲೂ ಪೊರಕೆಕಡ್ಡಿಗಿಂತ ಸಪೂರವಾದ ಮರದ ಕಡ್ಡಿ, ನಡುವೆ ಏನೂ ಇಲ್ಲ, ಇಲ್ಲ ಅನ್ನುವಂತೆಯೂ ಇಲ್ಲ, ಹಸಿರು ಹೊಂಬಣ್ಣ ನೇರಳೆ ಹರಿದಾಡುತ್ತಿವೆ, ಸೋಪಿನ ಗುಳ್ಳೆಯನ್ನು ಯಾರೋ ಚಪ್ಪಟೆ ಮಾಡಿ ಕಡ್ಡಿಗೆ ಕಟ್ಟಿದ ಹಾಗೆ, ನಾನು ಉಸಿರು ಬಿಟ್ಟೆ, ಅದು ಉಬ್ಬಿತು, ತಟ್ಟನೆ ಬಾಯಿ ಮುಚ್ಚಿಕೊಂಡೆ, ಇದನ್ನು ಹೇಗೆ ಮಾಡಿದ್ರಿ ಮಾವ, ಅಗಲವಾದ ತೊಟ್ಟೀಲಿ ನೀರು ತುಂಬಿ ನಾಲ್ಕು ಹನಿ ಬಿಡೋದಮ್ಮ, ತಾನೇ ಹರಡ್ಕೊಂಡು ಪೊರೆಯಾಗುತ್ತೆ, ತಂತಿಯ ಬಳೆ ಮೇಲೆ ಎತ್ಕೊಂಡು ಕಡ್ಡಿ ಮೇಲೆ ಇಳಿಸೋದು, ಯಾವುದರ ಹನಿ, ನೀವು ಉಗುರಿಗೆ ಹಚ್ತೀರಲ್ಲ, ಬಣ್ಣ ಬೆರೆಸೋಕೆ ಮೊದಲು ಅದೂ ಇದೇ ಸಾಮಾನು, ಹೆಚ್ಚುಕಮ್ಮಿ — ಅಂದರೆ ಆ ವಾಸನೆ ಸುಳ್ಳಲ್ಲ, ಯಾರ್ಯಾರದೋ ಬೆರಳು ಹಿಡಿದು ನಾನು ದಿನಾ ಬಳಿಯುವ ಅದೇ ಎಣ್ಣೆಯಂಥ ನೀರು ಇಲ್ಲಿ ರೆಕ್ಕೆಯಾಗಿದೆ, ಗೋಡೆಯ ಆಚೆಗೂ ಈಚೆಗೂ ಇಬ್ಬರೂ ಅದನ್ನೇ ಕಲಕುತ್ತ ಕೂತಿದ್ದೆವು, ಮಾವ ನಡುಗುವ ಬೆರಳಿನಿಂದ ತೋರಿಸಿದರು, ರೆಕ್ಕೆಯ ತುದಿ ಮೇಲಕ್ಕೆ ಬಾಗುವ ಕಡೆ ಕಡ್ಡಿಯಲ್ಲೊಂದು ಬಿರುಕು, ಪೊರೆ ಹರಿದಿಲ್ಲ, ಸುಕ್ಕಾಗಿದೆ ಅಷ್ಟೇ, ಪೆಟ್ಟಿಗೆಗೆ ಇಡೋವಾಗ ಕೈ ಹಾರಿತು ಅಂದರು, ಕೈ ನಡುಗಿತು ಅನ್ನಲಿಲ್ಲ, ಈ ನಡುಕ ಇಳಿಯಲ್ಲ ಏರುತ್ತೆ ಅಂತ ಡಾಕ್ಟರು ಹೇಳಿದ ಮೇಲೆ ಶುರು ಮಾಡಿದ ರೆಕ್ಕೆ ಇದು, ಮೊಣಕೈಯನ್ನು ಮರದ ದಿಮ್ಮಿಗೆ ಒತ್ತಿಕೊಂಡು, ನಡುಕ ಕಡಿಮೆಯಾಗುವ ಬೆಳಗಿನ ಹೊತ್ತು ಮಾತ್ರ ಕೆಲಸ ಮಾಡಿ, ವರ್ಷಗಟ್ಟಲೆ ಕೂತು ಕಟ್ಟಿದ್ದು, ಇದಾದ ಮೇಲೆ ಇನ್ನೊಂದಿಲ್ಲ ಅಂತ ಮಗನ ಹತ್ತಿರ ಹೇಳಿದ್ದರಂತೆ, ಮಧ್ಯಾಹ್ನ ಆಟದ ಹಾಲಿನಲ್ಲಿ ಇಂಥವನ್ನು ಕಟ್ಟುವವರೆಲ್ಲ ಸೇರಿ ಯಾರದು ಹೆಚ್ಚು ಹೊತ್ತು ಹಾರುತ್ತೆ ಅಂತ ನೋಡುವುದಿದೆ, ಮುಂದಿನ ಸಲಕ್ಕೆ ಆ ಸೂರಿಗೆ ದೊಡ್ಡ ದೊಡ್ಡ ಫ್ಯಾನ್ ಬರುತ್ತಂತೆ, ಆಮೇಲೆ ಅಲ್ಲಿ ಇಂಥದ್ದು ಹಾರಲಾರದು.

ಅಂಟಿನ ಬಾಟಲಿಗಳನ್ನು ಒಂದೊಂದಾಗಿ ಮೇಜಿಗಿಟ್ಟರು, ನನ್ನ ಕಡೆಗೆ ತಳ್ಳಿದರು, ಹುಡುಗಿ ನೋಡಲು ಬಂದವರ ಮುಂದೆ ತಟ್ಟೆ ತಳ್ಳುವಷ್ಟು ನಾಚಿಕೆಯಿಂದ, ಇದನ್ನೇ ಹಚ್ಚೋಣ ಮಾವ, ಸೂಪರ್ ಗ್ಲೂ, ಕಣ್ಣು ಮಿಟುಕಿಸೋದ್ರಲ್ಲಿ ಹಿಡಿಯುತ್ತೆ ಅಂದೆ, ಅನ್ನುವಾಗಲೇ ಆ ಮದುಮಗಳು ನೆನಪಾದಳು, ಕೃತಕ ಉಗುರು ಕೂರಿಸುವಾಗ ನನ್ನ ಹೆಬ್ಬೆರಳು ಅವಳ ಕಿರುಬೆರಳಿಗೆ ಅಂಟಿಕೊಂಡು ಬಿಡಿಸುವಷ್ಟು ಹೊತ್ತೂ ಕೈ ಕೈ ಹಿಡಿದು ಕೂತಿದ್ದೆವು, ನನ್ನ ಮದುವೆ ನಿಮ್ಮ ಜೊತೆಗೇ ಆಯ್ತು ಬಿಡಿ ಅಕ್ಕ ಅಂತ ಅವಳು ನಕ್ಕಿದ್ದೇ ನಕ್ಕಿದ್ದು — ಮಾವ ತಲೆಯಾಡಿಸಿದರು, ಅದು ನೀರಿಗಿಂತ ತೆಳು, ಕಡ್ಡಿಯೊಳಗೆ ಓಡಿಬಿಡುತ್ತೆ, ಒಣಗಿದ ಮೇಲೆ ಗಾಜು, ಗಾಜು ಬಾಗಲ್ಲಮ್ಮ, ಒಡೆಯುತ್ತೆ, ಹೌದು, ಅದರ ಹಬೆಗೆ ಉಗುರಿನ ಸುತ್ತ ಬಿಳಿ ಬೂದಿ ಕೂರುವುದು ನಾನೇ ನೋಡಿದ್ದೇನೆ, ಈ ಪೊರೆಗೆ ಬೂದಿ ಬಳಿಯುವುದೇ, ಬೇಡ, ಹಾಗಾದರೆ ಈ ಎರಡು ಟ್ಯೂಬ್ ಬೆರೆಸುವುದು, ಎಪಾಕ್ಸಿ, ಗಟ್ಟಿ ಗಟ್ಟಿ, ಹಕ್ಕಿ ಕಾಲಿಗೆ ಕಲ್ಲು ಕಟ್ಟಿದ ಹಾಗಾಗುತ್ತೆ ಅಂದರು, ಬಿಳಿ ಗೋಂದು, ಹಗುರ, ಸಾಧು, ಆದರೆ ಅದರಲ್ಲಿ ನೀರಿದೆ, ನೀರು ಕುಡಿದ ಕಡ್ಡಿ ಉಬ್ಬಿ ತಿರುಚಿಕೊಳ್ಳುತ್ತೆ — ಒಂದು ನಿಮಿಷ ಮಾವ, ಅಂತ ನಾನು ಓಡಿ ನನ್ನ ಕೆಲಸದ ಪೆಟ್ಟಿಗೆ ತಂದೆ, ರೆಪ್ಪೆಗೂದಲು ಅಂಟಿಸುವ ಗೋಂದು ತೆಗೆದುಕೊಟ್ಟೆ, ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ, ತಾವೇ ತಂತಿಯಲ್ಲಿ ಮಾಡಿಕೊಂಡ ತಕ್ಕಡಿಯಲ್ಲಿ ಅದರ ಒಂದು ಹನಿ ಇಟ್ಟು ತೂಗಿದರು, ತೂಗಿ, ಒಣಗಲು ಬಿಟ್ಟು, ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿದರು, ನನ್ನ ಆ ಚಿಕ್ಕ ಶೀಷೆಯನ್ನು ಯಾರೂ ಇಷ್ಟು ಗೌರವದಿಂದ ನೋಡಿದ್ದಿಲ್ಲ, ಒಳ್ಳೇ ಅಂಟು ಅಂದರು, ಆದ್ರೆ ಇದು ಒಣಗಿದ ಮೇಲೂ ಬಾಗುತ್ತೆ, ರೆಪ್ಪೆಗೆ ಅದು ಬೇಕು, ಇಲ್ಲಿಗೆ ಬೇಡ. ಕೊನೆಗೆ ಉಳಿದದ್ದು ವಾಸನೆಯ ಬಾಟಲಿ, ಮಾವನ ಹಳೇ ಅಂಟು, ಅಸಿಟೋನ್ ಬೆರೆಸಿ ತೆಳುವಾಗಿಸಿದ್ದು, ತೂಕವೇ ಇಲ್ಲ, ಒಣಗುತ್ತ ಒಣಗುತ್ತ ತಾನು ಕುಗ್ಗಿ ಬಿರುಕಿನ ಎರಡು ತುಟಿಯನ್ನೂ ಎಳೆದು ಸೇರಿಸುತ್ತಂತೆ, ಹಾಗಾದ್ರೆ ಇದೇ ಅಲ್ವಾ ಮಾವ, ಇದೇ, ಮತ್ತೆ, ಮತ್ತೇನಮ್ಮ, ಕಡ್ಡಿ ಬಿಟ್ಟು ಪೊರೆಗೆ ತಗುಲಿದ್ರೆ ಮುಗೀತು, ಅಷ್ಟೂ ಕರಗಿ ಹೋಗುತ್ತೆ — ಅಯ್ಯೋ, ಹೌದಲ್ಲ, ಉಗುರಿನ ಬಣ್ಣ ಒರೆಸಲು ದಿನಾ ಹತ್ತಿಯಲ್ಲಿ ಅದ್ದುವುದು ಅದನ್ನೇ, ರೆಕ್ಕೆಯನ್ನು ಕೂಡಿಸುವ ಅಂಟೇ ರೆಕ್ಕೆಯನ್ನು ತಿನ್ನುವಂಥದ್ದು, ಮಾವ ತಮ್ಮ ಕೈಯನ್ನೇ ನೋಡುತ್ತಿದ್ದರು, ಬಿಳಿ ಗೋಂದೇ ಹಚ್ಚಿಬಿಡೋಣ ಅಂದರು, ತಿರುಚಿದ್ರೆ ತಿರುಚಲಿ, ಎಷ್ಟು ಹಾರುತ್ತೋ ಅಷ್ಟೇ ಹಾರಲಿ, ತಕ್ಕಡಿಯ ಮುಳ್ಳು ಒಂದು ಕೂದಲೆಳೆ ಆಚೀಚೆಯಾದರೂ ಮತ್ತೆ ಬಿಚ್ಚಿ ಕೂರುತ್ತಿದ್ದರು ಅಂತ ನನ್ನವನು ಹೇಳುತ್ತಿದ್ದ, ಆ ಮನುಷ್ಯನ ಬಾಯಿಂದ ಎಷ್ಟು ಹಾರುತ್ತೋ ಅಷ್ಟು, ಬೇಡ ಮಾವ, ನಿಮ್ಮ ಅಂಟೇ ಹಚ್ತೀನಿ, ಏಳಿ, ಕುರ್ಚಿ ಬಿಡಿ.

ಕುರ್ಚಿ ಬಿಟ್ಟರು, ಪಕ್ಕದ ಸ್ಟೂಲಿನ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆಯೇ ಭಾರ ಬಿಟ್ಟರು, ಮೇಜು ಅಲುಗದಿರಲಿ ಅಂತ, ರೆಕ್ಕೆಯನ್ನು ಬೋರಲು ಮಾಡಿದ್ದೇನೆ, ಪೊರೆ ಕೆಳಗೆ, ಬಿರುಕು ಮೇಲೆ, ಹುಬ್ಬು ತಿದ್ದುವ ಬ್ರಷ್ಷಿನಿಂದ ಒಂದೇ ಒಂದು ಕೂದಲು ಕಿತ್ತು ಬೆಂಕಿಕಡ್ಡಿಗೆ ಕಟ್ಟಿ ತುದಿಯನ್ನು ಬಾಟಲಿಗೆ ತಾಗಿಸಿದೆ, ಹನಿ ಬಂತು, ದೊಡ್ಡದು, ಒರೆಸಿದೆ, ಮತ್ತೆ ತಾಗಿಸಿದೆ, ಕಂಡೂ ಕಾಣದಷ್ಟು, ಕಣ್ಣು ಮುಚ್ಚಿ ಮಲಗಿದವರ ರೆಪ್ಪೆಯ ಅಂಚು, ಅದರಾಚೆ ಕಣ್ಣುಗುಡ್ಡೆ, ನಡುವಿನ ಆ ಇಲ್ಲದ ಜಾಗದಲ್ಲೇ ಅಲ್ಲವೇ ನನ್ನ ಕೆಲಸ, ಉಸಿರಾಡದೆ ಇರುವುದು ನನಗೆ ಗೊತ್ತು, ಮಣಿಕಟ್ಟನ್ನು ಮೇಜಿಗೆ ಕೊಟ್ಟು ಬೆರಳನ್ನು ಮಾತ್ರ ಬಿಡುವುದು ಗೊತ್ತು, ಆದರೆ ಕಣ್ಣು ಬೆದರಿದರೆ ಮುಚ್ಚಿಕೊಳ್ಳುತ್ತದೆ, ಇದು ಮುಚ್ಚಿಕೊಳ್ಳಲಾರದು, ಇದು ನಂಬಿಕೊಂಡು ತೆರೆದೇ ಮಲಗಿದೆ — ತಾಗಿತು, ಹನಿ ಕೂದಲನ್ನು ಬಿಟ್ಟು ಬಿರುಕಿಗೆ ಹೋಯಿತು, ತಾನಾಗಿ ಹೋಯಿತು, ಬಾಯಾರಿದ್ದ ಹಾಗೆ ಒಳಗೆ ಎಳೆದುಕೊಂಡಿತು ಮರ, ಅಂಚಿಗೆ ಬಂತು, ಅಂಚಿನಲ್ಲಿ ಒಂದು ಮಿಣುಕು, ಕೆಳಗಿಳಿದರೆ ಪೊರೆ, ಇಳಿಯಬೇಡ ತಾಯಿ, ಅಲ್ಲೇ ಇರು, ನಾನು ಮಾವನನ್ನು ನೋಡುತ್ತಿಲ್ಲ, ಮಿಣುಕು ಮಂಕಾಯಿತು, ಆರಿತು, ಮತ್ತೆ ನನ್ನ ಕಣ್ಣೆದುರೇ, ಇದನ್ನು ಯಾರಿಗೆ ಹೇಳಿದರೆ ನಂಬುತ್ತಾರೆ, ಕಪ್ಪಗೆ ಗೀಟಿನಂತಿದ್ದ ಬಿರುಕು ಮೆಲ್ಲಮೆಲ್ಲಗೆ ಸಣ್ಣಗಾಗಿ, ರೆಕ್ಕೆಯ ತುದಿ ನಿದ್ದೆಯಲ್ಲಿ ಬೆರಳು ಮಡಚಿದಷ್ಟೇ ಮೆಲ್ಲಗೆ ಎದ್ದು ನಿಂತಿತು, ಯಾರೂ ಮುಟ್ಟಲಿಲ್ಲ, ಎದ್ದು ನಿಂತಿತು, ಮಾವ ಅಂದೆ, ಹೂಂ ಅಂದರು, ಅವರ ಉಸಿರು ಈಗ ಹೊರಗೆ ಬಂತು, ಎಷ್ಟು ಹೊತ್ತಿಂದ ಹಿಡಿದಿದ್ದರೋ, ಕಾಫಿ ಕುಡೀತೀರಾ, ನೀನು ಕುಡೀತೀಯಾ ಅಂದರು, ನೀನು ಅಂದರು, ಅವಳಿಗೆ ಕೇಳು ಅನ್ನಲಿಲ್ಲ.

ಈ ಆಟದ ಹಾಲಿನ ಸೂರು ಎಷ್ಟೊಂದು ಎತ್ತರ, ಆಟದವರೆಲ್ಲ ಹೋಗಿ ಬರೀ ಮರದ ನೆಲ ಹೊಳೆಯುತ್ತಿದೆ, ಬಾಗಿಲುಗಳಿಗೆಲ್ಲ ಒಳಗಿನಿಂದ ಪರದೆ, ನಡೆಯುವವರೂ ಗಾಳಿ ಏಳದ ಹಾಗೆ ಆಸ್ಪತ್ರೆಯಲ್ಲಿ ನಡೆದಂತೆ ನಡೆಯುತ್ತಿದ್ದಾರೆ, ಮಾವ ಪ್ರೊಪೆಲ್ಲರ್ ತಿರುಗಿಸುವ ರಬ್ಬರನ್ನು ತಿರುಚಿ ತಿರುಚಿ ಗಂಟು ಗಂಟಾಗಿಸಿ ವಿಮಾನಕ್ಕೆ ಸಿಕ್ಕಿಸಿದರು, ಅದಕ್ಕೆ ಅವರ ಕೈ ಸಾಲುತ್ತದೆ, ಬಿಡುವುದಕ್ಕೆ ಸಾಲುವುದಿಲ್ಲ, ನನ್ನ ಕಡೆ ಚಾಚಿದರು, ನೀನೇ ಬಿಡು, ನಾನಾ, ನನಗೆ ಎಸೆಯೋಕೆ ಬರಲ್ಲ ಮಾವ, ಎಸೀಬೇಡ, ಕೈ ತೆಗಿ ಅಷ್ಟೇ — ಕೈ ತೆಗೆದೆ, ಅಷ್ಟೇ, ವಿಮಾನ ಅಲ್ಲೇ ಇತ್ತು, ಬೀಳಲಿಲ್ಲ, ಏನೋ ಯೋಚಿಸುವಂತೆ ಒಂದು ಗಳಿಗೆ ಇದ್ದು ಆಮೇಲೆ ಹೊರಟಿತು, ಸಂಜೆ ಅಡ್ಡಾಡಲು ಹೊರಟ ಮುದುಕರಷ್ಟು ನಿಧಾನ, ಪ್ರೊಪೆಲ್ಲರ್ ತಿರುಗುವುದು ಕಣ್ಣಿಗೆ ಕಾಣುತ್ತದೆ, ಒಂದೊಂದು ಅಲಗೂ ಕಾಣುತ್ತದೆ, ಸದ್ದಿಲ್ಲ, ಸುತ್ತುತ್ತ ಏರಿತು, ಏರುತ್ತ ಸುತ್ತಿತು, ನನ್ನ ಕೈಯಲ್ಲಿದ್ದದ್ದು ಅದೇನಾ, ನಿನ್ನೆ ಇದೇ ಹೊತ್ತಿಗೆ ಯಾರದೋ ಹುಬ್ಬು ತೀಡುತ್ತ ನಿಂತಿದ್ದವಳು ನಾನೇನಾ, ನಮ್ಮ ಜೊತೆಗೇ ಬಿಟ್ಟಿದ್ದ ಒಬ್ಬ ಹಲ್ಲಿನ ಡಾಕ್ಟರ ವಿಮಾನ ಆಗಲೇ ಇಳಿಯಿತು, ಅವರು ಸಪ್ಪಗಾಗದೆ ನಮ್ಮದನ್ನೇ ನೋಡುತ್ತ ಬಂದು ನಿಂತರು, ದಾರಕ್ಕೆ ಕಟ್ಟಿದ ಬಲೂನು ಅವರ ಕೈಯಲ್ಲಿ, ಸೂರಿನ ಕಬ್ಬಿಣದ ತೊಲೆಗೆ ಸಿಕ್ಕುವ ವಿಮಾನವನ್ನು ಅದರಿಂದ ತಳ್ಳುತ್ತಾರಂತೆ, ತೊಲೆ ಹತ್ತಿರ ಹೋಗ್ತಿದೆ ಯಜಮಾನ್ರೇ, ಬಲೂನ್ ಬಿಡ್ಲಾ, ಮಾವ ಕತ್ತೆತ್ತಿ ನೋಡಿದರು, ಬೇಡಿ ಡಾಕ್ಟ್ರೇ, ಇರಲಿ, ಸಿಕ್ಕಿಕೊಂಡ್ರೆ, ಇರಲಿ ಅಂದೆನಲ್ಲ, ಮತ್ತೆ ನನ್ನ ಕಡೆ ತಿರುಗಿ, ಅಂಟು ಚೆನ್ನಾಗಿ ಕೂತಿದೆ ಅಂದರು, ಅದೇ ತುದಿ, ಬೇರೆ ಯಾವುದೂ ಅಲ್ಲ, ಅದೇ ಬಿರುಕಿನ ತುದಿಯೇ ಹೋಗಿ ತೊಲೆಗೆ ತಾಗಿತು, ರೆಕ್ಕೆ ಮೇಲಕ್ಕೆ ಬಾಗಿತು, ಇನ್ನೂ ಬಾಗಿತು, ಅಯ್ಯೋ ಸಾಕು, ಇನ್ನೂ — ಬಿಟ್ಟಿತು, ತೊಲೆಯನ್ನು ಬಿಟ್ಟು ತನ್ನ ಪಾಡಿಗೆ ತಾನು ತಿರುಗಿ ಹೊರಟಿತು, ಯಾರೋ ಚಪ್ಪಾಳೆಗೆಂದು ಕೈ ಎತ್ತಿದವರು ಗಾಳಿಗೆ ಹೆದರಿ ಕೈ ಕೈ ಒತ್ತಿ ಹಿಡಿದುಕೊಂಡರು, ಆಗಲೇ ಗಡಿಯಾರ ಹಿಡಿದ ಹೆಂಗಸು, ಎಲ್ಲರೂ ಅವಳನ್ನು ಗಂಟೆಯಮ್ಮ ಅನ್ನುತ್ತಾರೆ, ಮಾವನ ಹತ್ತಿರ ಬಂದು ಪಿಸುಗುಟ್ಟಿದಳು, ನಿಮ್ಮ ಹಿಂದಿನದೆಲ್ಲಕ್ಕಿಂತ ಜಾಸ್ತಿ ಹೊತ್ತಾಯ್ತು, ಮಾವ ಕೇಳಿಸಿಕೊಂಡರೋ ಇಲ್ಲವೋ, ಗಡಿಯಾರದ ಕಡೆ ತಿರುಗಲಿಲ್ಲ.

ಈಗ ಇಳಿಯುತ್ತಿದೆ, ರಬ್ಬರ್ ಸಡಿಲವಾಗಿದೆ, ಪ್ರೊಪೆಲ್ಲರ್ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ನಿದ್ದೆ ಮಾಡುತ್ತಿದೆ, ಹಾಲಿನ ತುಂಬ ಎಷ್ಟು ಜನ, ಒಬ್ಬರೂ ಮಿಸುಕುವುದಿಲ್ಲ, ಮಾವ ಒಬ್ಬರೇ ಹೊಳೆಯುವ ನೆಲದ ನಡುವೆ ಹೋದರು, ಎಲ್ಲಿಗೆ ಮಾವ, ಕರೆಯಬೇಕೆಂದು ಬಾಯಿ ತೆರೆದೆ, ಉಸಿರು ತಗುಲೀತು ಅಂತ ಮುಚ್ಚಿದೆ, ವಿಮಾನ ಅವರ ಎದುರಿಗೆ ಬಂತು, ಹಣೆಯ ಎತ್ತರಕ್ಕೆ, ಅವರು ಮುಟ್ಟಲಿಲ್ಲ, ಮುಟ್ಟಿದರೆ ಗಡಿಯಾರದ ಲೆಕ್ಕ ನಿಲ್ಲುತ್ತದೆ, ಎರಡೂ ಅಂಗೈ ಬಿಚ್ಚಿ ರೆಕ್ಕೆಯ ಕೆಳಗೆ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡತೊಡಗಿದರು, ಈಗಷ್ಟೇ ನಡೆಯಲು ಕಲಿತ ಕೂಸಿನ ಮುಂದೆ ಹಿಂದಕ್ಕೆ ಸರಿಯುವ ಹಾಗೆ, ಅಂಗೈ ನಡುಗುತ್ತಿವೆ, ಎಲ್ಲರೂ ನೋಡುತ್ತಿದ್ದಾರೆ, ಅವರು ಮುಚ್ಚಿಡುತ್ತಿಲ್ಲ, ರೆಕ್ಕೆ ನಡುಗುತ್ತಿಲ್ಲ, ಎದೆಯ ಎತ್ತರಕ್ಕೆ ಇಳಿಯಿತು, ಮಾವ ಮೊಣಕಾಲು ಬಗ್ಗಿಸಿದರು, ಇನ್ನೂ ಇಳಿಯಿತು, ಇನ್ನೂ ಬಗ್ಗಿದರು, ಅಂಗೈ, ಅದರ ಮೇಲೆ ಗೇಣು ಗಾಳಿ, ಗಾಳಿಯ ಮೇಲೆ ರೆಕ್ಕೆ, ಹಿಂದಕ್ಕೊಂದು ಹೆಜ್ಜೆ, ಬಿಚ್ಚಿದ ಅಂಗೈ, ಗೇಣು ಗಾಳಿ, ರೆಕ್ಕೆ, ಇನ್ನೊಂದು ಹೆಜ್ಜೆ, ಅಂಗೈ, ಗಾಳಿ, ರೆಕ್ಕೆ, ಅಂಗೈ —